ಹಲಗೆಗಿಂತ ಹುಟ್ಟು ದುಬಾರಿ

ಹಲ್ಲುಜ್ಜುತ್ತಿದ್ದಾಗ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಅನ್ನಿಸಿ ಅವನು ತಿರುಗಿದ. ಬಾಯಿ ತುಂಬ ನೊರೆ. ನಿಂತಿದ್ದದ್ದು ಹುಟ್ಟು. ಮನೆಗೆ ಬಂದು ವಾರವಾಗುತ್ತ ಬಂದರೂ ಅದು ಇನ್ನೂ ಬಿಗುಮಾನದ ನೆಂಟರ ಹಾಗೆಯೇ ಇತ್ತು: ಕೂರು ಅಂದರೆ ಕೂರುವುದಿಲ್ಲ, ಮಲಗು ಅಂದರೆ ಮಲಗುವುದಿಲ್ಲ. ಮಲಗುವ ಕೋಣೆಯಲ್ಲಿ ಬಾಗಿಲಿಗೆ ಅಡ್ಡ, ಅಡುಗೆಮನೆಯಲ್ಲಿ ಕಪಾಟಿಗೆ ಅಡ್ಡ, ಹಜಾರದಲ್ಲಿ ಫ್ಯಾನಿಗೆ ಅಡ್ಡ. ಕೊನೆಗೆ ಬಚ್ಚಲ ಬಾಗಿಲ ಪಕ್ಕದ ಮೂಲೆಯೊಂದೇ ಅದರ ಎತ್ತರಕ್ಕೆ ಒಗ್ಗಿತ್ತು. ಗುಳ್ಳೆಗುಳ್ಳೆ ಪ್ಲಾಸ್ಟಿಕ್ಕನ್ನು ಮೈಗೆ ಸುತ್ತಿಕೊಂಡು, ಅಗಲವಾದ ಕಪ್ಪು ಅಲಗನ್ನು ಮೇಲೆ ಮಾಡಿಕೊಂಡು, ಕಣ್ಣುಮೂಗಿಲ್ಲದ ತಲೆಯೊಂದು ಸ್ವಲ್ಪ ಮುಂದಕ್ಕೆ ಬಾಗಿ ಇವನು ಹಲ್ಲುಜ್ಜುವುದನ್ನು ನೋಡುತ್ತಿತ್ತು. ತೇಲುವ ಹಲಗೆಯ ಮೇಲೆ ನೆಟ್ಟಗೆ ನಿಂತುಕೊಂಡು ಕೆರೆ ಸುತ್ತುವ ಆಟಕ್ಕೆ ಬೇಕಾದ ಹುಟ್ಟು ಅದು. ಹಲಗೆಯನ್ನು ಅವನು ಯಾರೋ ಬಳಸಿ ಬಿಟ್ಟದ್ದನ್ನು ಕೊಂಡಿದ್ದ. ಹುಟ್ಟು ಮಾತ್ರ ಹೊಚ್ಚ ಹೊಸದು, ಪೂರಾ ಕಾರ್ಬನ್ನಿನದು. ಹಲಗೆಗೆ ಕೊಟ್ಟದ್ದಕ್ಕಿಂತ ಹುಟ್ಟಿಗೇ ಹೆಚ್ಚು ಕೊಟ್ಟಿದ್ದ. 'ಕುದುರೆಗಿಂತ ಚಾಟಿಗೆ ಜಾಸ್ತಿ ಕೊಟ್ಟವರನ್ನ ಇವತ್ತೇ ಕಂಡದ್ದು ಭಾವನೋರೇ' ಎಂದು ಅವನ ಭಾವ, ಹೆಂಡತಿಯ ಅಣ್ಣ, ಅದನ್ನು ಎತ್ತಿ ನೋಡಿ, ಮತ್ತೆ ಇಳಿಸಿ, ಮತ್ತೆ ಎತ್ತಿ, 'ಒಳಗೆ ಏನೂ ಇಲ್ಲವಲ್ಲ' ಎಂದು ತುದಿಯ ತೂತಿಗೆ ಕಣ್ಣಿಟ್ಟಿದ್ದ. ಏನೂ ಇಲ್ಲದಿರುವುದಕ್ಕೇ ಅಷ್ಟು ಬೆಲೆ ಭಾವ, ಭಾರವನ್ನೆಲ್ಲ ತೆಗೆದುಹಾಕಿದ್ದಾರೆ, ಎಂದು ಇವನು ಅಂಗಡಿಯವನ ಮಾತನ್ನೇ ಒಪ್ಪಿಸಿದಾಗ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆ ನಗು ಇವತ್ತಿಗೂ ಬಚ್ಚಲ ಗೋಡೆಗೆ ಅಂಟಿಕೊಂಡಿದೆ ಅನ್ನಿಸಿ ಅವನು ಬಾಯಿ ಮುಕ್ಕಳಿಸಿ ಉಗುಳಿದ.

ಅವನನ್ನು ಎಲ್ಲರೂ ಕರೆಯುವುದು ಟೇಪು ಎಂದು. ಮನೆಮನೆಗೆ ಹೋಗಿ ಕಿಟಕಿಗಳ ಅಳತೆ ತೆಗೆದು, ಸುರುಳಿ ಪರದೆ ಮಾಡಿ, ಗೋಡೆ ಕೊರೆದು ನೇತುಹಾಕಿ ಬರುವುದು ಅವನ ಕೆಲಸ. ಸೊಂಟದಲ್ಲಿ ಅಳತೆಯ ಟೇಪಿಲ್ಲದೆ ಅವನನ್ನು ಕಂಡವರಿಲ್ಲ. ಅದನ್ನು ಬಿಚ್ಚಿಟ್ಟರೆ ಪ್ಯಾಂಟು ನಿಲ್ಲುವುದಿಲ್ಲ ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಹಾಗೆ ಹೇಳಿಕೊಂಡು ತಿರುಗುವುದು ಅವನ ಹುಟ್ಟುಗುಣ. ನಿಂತ ಮೊಳೆಗೆ ಒಂದು ಕಥೆ, ಬಿದ್ದ ಮೊಳೆಗೆ ಎರಡು. ಕೆರೆಗೆ ಹೋಗಲು ಶುರುಮಾಡಿದ ಮೇಲಂತೂ ಕಥೆಗಳಿಗೆ ನೀರು ಸಿಕ್ಕಿತು. ಭಾನುವಾರ ಮನೆಗೆ ಬಂದು ಹೆಂಡತಿಯ ಮುಂದೆ ಕೂತು, ಇವತ್ತು ನನ್ನ ಹಿಂದೆ ಎದ್ದ ಅಲೆಗೆ ಬಾತುಕೋಳಿಗಳಿಗೆ ತಲೆ ಸುತ್ತಿ ದಡಕ್ಕೆ ಹೋಗಿ ಕೂತವು ಕಣೇ, ಎನ್ನುತ್ತಿದ್ದ. ನೀರುಕಾಗೆಯೊಂದು ಹಲಗೆ ಹತ್ತಿ ಆಚೆ ದಡದವರೆಗೆ ಬಿಟ್ಟು ಬಾ ಅಂತು, ನಾನು ಇಳಿಯುವಾಗ ಅದು ನಿದ್ದೆ ಹೋಗಿತ್ತು, ಎನ್ನುತ್ತಿದ್ದ. ಅವಳು ಮಡಿಸುತ್ತಿದ್ದ ಬಟ್ಟೆಯನ್ನು ಮಡಿಸುತ್ತಲೇ 'ಹೌದಾ?' ಎನ್ನುತ್ತಿದ್ದಳು. 'ಆಮೇಲೆ?' ಎನ್ನುತ್ತಿದ್ದಳು. ಆ 'ಆಮೇಲೆ'ಯೇ ಅವನನ್ನು ಹಾಳುಮಾಡಿದ್ದು. ಆಮೇಲೆ ನಾನೇ ಮೊದಲು ದಡ ಸೇರಿದೆ, ಉಳಿದವರು ಬರುವಷ್ಟರಲ್ಲಿ ನನ್ನ ಬಟ್ಟೆ ಒಣಗಿತ್ತು. ಆಮೇಲೆ ಎಲ್ಲರೂ ಕಾಲು ಹೇಗಿಡುವುದು ಎಂದು ನನ್ನನ್ನೇ ಕೇಳಿದರು. ಕಳೆದ ವಾರ ಅವಳು ಬಟ್ಟೆಯಿಂದ ಕಣ್ಣೆತ್ತಿ, 'ಬರೋ ಭಾನುವಾರ ಕೆರೆ ದಾಟ್ತೀರಂತಲ್ಲ, ನಾನೂ ಬರ್ತೀನಿ. ಅಣ್ಣನೂ ಬರ್ತಾನಂತೆ' ಎಂದಳು. ಬರೋ ಭಾನುವಾರ ಅಂದರೆ ನಾಳೆ.

ನಿಜಕ್ಕೂ ಆಗಿದ್ದದ್ದು ಏನೆಂದು ಕೆರೆಗೆ ಗೊತ್ತು, ನರ್ಸಮ್ಮನಿಗೆ ಗೊತ್ತು. ನರ್ಸಮ್ಮ ಭಾನುವಾರ ಕೆರೆಗಿಳಿಯುವ ಅವರ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ಹೋಗುವವಳು. ವಾರವೆಲ್ಲ ಆಸ್ಪತ್ರೆಯಲ್ಲಿ ದಪ್ಪ ದಪ್ಪ ರೋಗಿಗಳನ್ನು ಮಗ್ಗುಲಾಗಿಸಿ ತೋಳು ಹುರಿಗೊಂಡವಳು. ಹಲಗೆಯ ಮೇಲೆ ಮೊಣಕಾಲು ಊರಿದಷ್ಟು ಹೊತ್ತು ಟೇಪು ಸರಿಯಾಗಿಯೇ ಇರುತ್ತಿದ್ದ. ಎದ್ದು ನಿಂತನೋ, ಪಾದದ ಕೆಳಗೆ ನೀರು ಉಸಿರಾಡುವುದು ಗೊತ್ತಾಗುತ್ತಿತ್ತು, ಆ ಉಸಿರು ಹಿಮ್ಮಡಿಯಿಂದ ಹತ್ತಿ ಮೊಣಕಾಲಿಗೆ ಬಂದು ನಡುಕವಾಗುತ್ತಿತ್ತು, ನಡುಕ ಹಲಗೆಗೆ ಇಳಿದು ಹಲಗೆ ನೀರಿಗೆ ಹೇಳಿ, ನೀರು ಮತ್ತೆ ಇವನಿಗೆ ಹೇಳಿ, ಮೂವರೂ ಸೇರಿಕೊಂಡು ಇವನನ್ನು ಬೀಳಿಸುತ್ತಿದ್ದರು. ಹೋದ ಸಲ ಬಿದ್ದದ್ದು ಕೆರೆಯ ನಟ್ಟನಡುವೆ. ಮತ್ತೆ ಹತ್ತಿ ಕೂತಾಗ ಕೈಕಾಲು ಮಾತು ಕೇಳಲಿಲ್ಲ. ನರ್ಸಮ್ಮ ಹಿಂದಿರುಗಿ ಬಂದು, ತನ್ನ ಹಲಗೆಗೆ ಹಗ್ಗ ಕಟ್ಟಿ ಇವನ ಹಲಗೆಗೆ ಇನ್ನೊಂದು ತುದಿ ಕಟ್ಟಿ, ಕೆಟ್ಟು ನಿಂತ ಸ್ಕೂಟರನ್ನು ಎಳೆದುಕೊಂಡು ಹೋಗುವ ಹಾಗೆ ದಡಕ್ಕೆ ಎಳೆದುಕೊಂಡು ಹೋದಳು. ದಡದಲ್ಲಿ ಯಾರೋ ಮಗುವಿಗೆ ಅಲ್ನೋಡು ಎಂದು ತೋರಿಸುತ್ತಿದ್ದರು. ಟೇಪು ಆಗ ತನ್ನ ಕೈಯಲ್ಲಿದ್ದ ಅಗ್ಗದ ಅಲ್ಯುಮಿನಿಯಂ ಹುಟ್ಟನ್ನು ಎತ್ತಿ ಹಿಡಿದು ಎಲ್ಲರಿಗೂ ಕೇಳುವ ಹಾಗೆ, 'ಇದೇ ಕೈ ಕೊಡ್ತಾ ಇದೆ, ಭಾರ ಜಾಸ್ತಿ' ಎಂದಿದ್ದ. ಹೇಳಿದ ಮೇಲೆ ಅದೇ ನಿಜ ಅನ್ನಿಸಿತು. ಅಂಗಡಿಗೆ ಹೋದಾಗ ಇನ್ನಷ್ಟು ನಿಜ ಅನ್ನಿಸಿತು. ಗಾಳಿಗೂ ಬೆಲೆಚೀಟಿ ಅಂಟಿಸಿ ಮಾರಬಲ್ಲ ಆ ಅಂಗಡಿಯವನು ಕಾರ್ಬನ್ ಹುಟ್ಟನ್ನು ಇವನ ಅಂಗೈ ಮೇಲೆ ಮಲಗಿಸಿ, 'ಕಣ್ಣು ಮುಚ್ಚಿ ಸಾರ್. ಕೈಯಲ್ಲಿ ಏನಾದ್ರೂ ಇದೆ ಅನ್ನಿಸುತ್ತಾ?' ಎಂದ. ಟೇಪು ಕಣ್ಣು ಮುಚ್ಚಿದ. ಏನೂ ಇರಲಿಲ್ಲ. ಹಗ್ಗ ಇರಲಿಲ್ಲ, ದಡದ ಮಗು ಇರಲಿಲ್ಲ. ಹಳೆಯದನ್ನು ವಿನಿಮಯಕ್ಕೆ ಅಲ್ಲಿಯೇ ಬಿಟ್ಟು ಹೊಸದನ್ನು ಹೆಗಲಿಗೇರಿಸಿಕೊಂಡು ಬಂದ. ಮನೆಗೆ ಬಂದು ಬೆಲೆ ಹೇಳಿದಾಗ ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. 'ನಿಮಗೆ ಒಳ್ಳೇದು ಅನ್ನಿಸಿದ್ರೆ ಆಯ್ತು ಬಿಡಿ' ಎಂದಳು, ಅಷ್ಟೇ.

ಇಂಥ ಹುಟ್ಟು ಉದ್ದಕ್ಕೇ ಬರುತ್ತದೆ. ಕೊಂಡವನ ಎತ್ತರಕ್ಕೆ ಅದನ್ನು ಕೊಯ್ದು, ಮೇಲಿನ ಹಿಡಿಯನ್ನು ಬಿಸಿ ಅಂಟಿನಿಂದ ಕೂಡಿಸಬೇಕು. ಕೈ ಮೇಲೆತ್ತಿ ನಿಂತರೆ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು ಎಂದು ಅಂಗಡಿಯವನು ಹೇಳಿಕೊಟ್ಟಿದ್ದ. 'ಕೊಯ್ಯೋವರೆಗೆ ನಮ್ಮದು, ಕೊಯ್ದ ಮೇಲೆ ನಿಮ್ಮದು' ಎಂದೂ ಹೇಳಿದ್ದ. ಕೊಯ್ಯದೆ, ನೀರು ಸೋಕಿಸದೆ ತಂದರೆ ಶನಿವಾರ ಬಾಗಿಲು ಹಾಕುವುದರೊಳಗೆ ವಾಪಸು ತಗೊಳ್ಳುತ್ತೇನೆ ಎಂದ. ಇವತ್ತು ಶನಿವಾರ. ದಿನಕ್ಕೆ ಹತ್ತಾರು ಪರದೆಯ ಕೊಳವೆ ಕೊಯ್ಯುವ ಕೈ ಈ ಒಂದು ಕೋಲಿನ ಮುಂದೆ ವಾರವಿಡೀ ಏಳಲಿಲ್ಲ. ದುಡ್ಡಿನ ಚಿಂತೆ ಎಂದು ಮೊದಲು ಅಂದುಕೊಂಡಿದ್ದ. ಅಲ್ಲ ಎಂದು ಗೊತ್ತಾದದ್ದು ಈಗ, ಬಚ್ಚಲ ಕನ್ನಡಿಯ ಮುಂದೆ. ಅಗ್ಗದ ಹುಟ್ಟು ಒಂದು ಉಪಕಾರ ಮಾಡುತ್ತಿತ್ತು: ಇವನು ಬಿದ್ದ ತಪ್ಪನ್ನೆಲ್ಲ ಪುಕ್ಕಟೆ ಹೊತ್ತುಕೊಳ್ಳುತ್ತಿತ್ತು. ಇದು ಹೊರುವುದಿಲ್ಲ. ಇಷ್ಟು ಬೆಲೆಯ ಹುಟ್ಟು ಹಿಡಿದುಕೊಂಡು ನಾಳೆ ಹೆಂಡತಿಯ ಕಣ್ಣೆದುರು ಬಿದ್ದರೆ, ಬಿದ್ದವನು ತಾನೇ. ಕೋಲಿಗೆ ಕೊಟ್ಟ ಬೆಲೆ ಸರಿಯೋ ತಪ್ಪೋ ಎಂದು ಅವನು ತೂಗುತ್ತಿರಲಿಲ್ಲ. ಅಷ್ಟು ಬೆಲೆಯ ಕೋಲು ಹಿಡಿಯುವವನು ತಾನು ಹೌದೋ ಅಲ್ಲವೋ ಎನ್ನುವುದು ತಕ್ಕಡಿಯಲ್ಲಿತ್ತು. ವಾಪಸು ಕೊಟ್ಟುಬಿಡುವುದು ಎಂದು ತೀರ್ಮಾನಿಸಿ ಮುಖ ಒರೆಸಿಕೊಂಡ. ಒರೆಸಿಕೊಂಡಾದ ಮೇಲೆ ತೀರ್ಮಾನ ಟವೆಲಿಗೆ ಅಂಟಿಕೊಂಡು ಹೋಗಿತ್ತು.

ವ್ಯಾನಿನಲ್ಲಿ ಪರದೆಗಳ ಸುರುಳಿಗಳ ನಡುವೆ ಹುಟ್ಟನ್ನು ಮಲಗಿಸಿಕೊಂಡು ಕೆಲಸಕ್ಕೆ ಹೊರಟ. ಅಲಗು ಅವನ ಕಿವಿಯ ಪಕ್ಕಕ್ಕೇ ಬಂದು ಕೂತಿತ್ತು, ಗೇರು ಬದಲಿಸಿದಾಗಲೆಲ್ಲ ಕೆನ್ನೆಗೆ ಮೆಲ್ಲಗೆ ತಟ್ಟುತ್ತಿತ್ತು. ಮೊದಲ ಕೆಲಸ ಒಬ್ಬ ಮುದುಕಿಯ ಮನೆಯಲ್ಲಿ, ಮೂರನೇ ಮಹಡಿ, ಎದುರು ಮನೆಯ ಗೋಡೆಯನ್ನು ಬಿಟ್ಟರೆ ಬೇರೇನೂ ಕಾಣದ ಕಿಟಕಿ. 'ಬೆಳಕು ಬೇಕು, ಆದ್ರೆ ಅವರಿಗೆ ನಾನು ಕಾಣಬಾರ್ದು' ಎಂದಳು ಮುದುಕಿ. ಅವರು ಯಾರು ಎಂದು ಟೇಪು ಎದುರಿಗೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಸುಣ್ಣ ಬಳಿದ ಗೋಡೆ, ಒಂದು ನೀರಿನ ಪೈಪು. 'ಅಜ್ಜಿ, ಅದು ಗೋಡೆ. ಗೋಡೆ ಏನು ನೋಡುತ್ತೆ?' ಎಂದದ್ದಕ್ಕೆ ಅವಳು, 'ನಿನ್ನ ನೋಡೋರು ಯಾರೂ ಇಲ್ಲ ಅಂತ ಕಾಣುತ್ತೆ ಮಗ, ಅದಕ್ಕೇ ಹಾಗಂತೀಯ' ಎಂದು ಒಳಗೆ ಹೋದಳು. ಅವನು ಕಿಟಕಿಯ ಮೇಲ್ಗಡೆ ಟೇಪು ಹಿಡಿದ. ಅಂಕಿ ಓದಿದ. ಬರೆದುಕೊಳ್ಳುವಷ್ಟರಲ್ಲಿ ಮರೆತ. ಮತ್ತೆ ಹಿಡಿದ. ನಾಳೆ ದಡದ ಮೇಲೆ ಹೆಂಡತಿ ಎಲ್ಲಿ ನಿಲ್ಲುತ್ತಾಳೆ, ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡುತ್ತಾಳೋ ಹೇಗೆ, ಪಕ್ಕದಲ್ಲಿ ಭಾವ ಯಾವ ಮಾತು ಆಡುತ್ತಾನೆ. ಬಿದ್ದಾಗ ಮೊದಲು ಸದ್ದು ಕೇಳುತ್ತದೆಯೋ ಮೊದಲು ಕಾಣುತ್ತದೆಯೋ. ಸ್ಟೂಲಿನ ಮೇಲೆ ನಿಂತಿದ್ದ ಅವನ ಮೊಣಕಾಲು, ನೀರೇ ಇಲ್ಲದ ಮೂರನೇ ಮಹಡಿಯಲ್ಲಿ, ಸಣ್ಣಗೆ ನಡುಗಿತು. ಚಿಕ್ಕಂದಿನಲ್ಲಿ ಶಾಲೆಯ ಫೋಟೋಗೆ ನಿಲ್ಲಿಸಿದಾಗ ಗಿಡ್ಡನೆಂದು ಮುಂದಿನ ಸಾಲಿಗೆ ತಳ್ಳಿದ್ದರು, ಅವನು ಹಿಂದಿನ ಸಾಲಿಗೇ ನುಸುಳಿ ತುದಿಗಾಲ ಮೇಲೆ ನಿಂತಿದ್ದ. ಫೋಟೋ ತೆಗೆಯುವವನು ಒಂದು, ಎರಡು ಎಂದು ಎಣಿಸುತ್ತ ಮೂರು ಅನ್ನಲು ತಡಮಾಡಿದ್ದ, ಮೀನಖಂಡ ಹೀಗೆಯೇ ನಡುಗಿತ್ತು. 'ಬಿದ್ದೀಯ ಜೋಕೆ' ಎಂದಳು ಮುದುಕಿ ಒಳಗಿನಿಂದಲೇ. ಅವಳಿಗೆ ಹೇಗೆ ಕಂಡಿತೋ.

ಮಧ್ಯಾಹ್ನ ಊಟ ಮಾಡದೆಯೇ ಅಂಗಡಿಗೆ ಹೋದ. ಭುಜದ ಮೇಲೆ ಹುಟ್ಟು, ಬಾಯಲ್ಲಿ ತಯಾರು ಮಾಡಿಟ್ಟುಕೊಂಡ ಮಾತು: ಉದ್ದ ಹೊಂದುತ್ತಾ ಇಲ್ಲ, ಬೇಡ ಅನ್ನಿಸ್ತು. ಬಾಗಿಲು ತಳ್ಳಿದರೆ ಒಳಗೆ ಗಲ್ಲಾದ ಮುಂದೆ ನರ್ಸಮ್ಮ. ಹಗ್ಗ ಕೊಳ್ಳುತ್ತಿದ್ದಳು. ಟೇಪುವಿಗೆ ತಿರುಗಿ ಹೋಗೋಣ ಅನ್ನಿಸಿತು, ಆದರೆ ಅಷ್ಟು ಉದ್ದದ ಕೋಲು ಹೊತ್ತವನಿಗೆ ಬಾಗಿಲಲ್ಲಿ ಹಾಗೆ ಸುಮ್ಮನೆ ತಿರುಗಲಾಗುವುದಿಲ್ಲ. ಅರ್ಧ ತಿರುಗಿದಾಗ ಅಲಗು ಟೋಪಿಗಳ ಸಾಲಿಗೆ ಬಡಿದು ಟೋಪಿಗಳೆಲ್ಲ ಉದುರಿದವು.

'ಓ, ಟೇಪಣ್ಣ' ಎಂದಳು ನರ್ಸಮ್ಮ. 'ಇದೇನಾ ಆ ಹೊಸದು? ಕೊಡಿ ಇಲ್ಲಿ.' ಒಂದು ಬೆರಳ ಮೇಲೆ ಅದನ್ನು ನಿಲ್ಲಿಸಿ ತೂಗಿದಳು. 'ಅಬ್ಬಾ, ಇಂಜೆಕ್ಷನ್ ಸೂಜಿಗಿಂತ ಹಗುರ. ನನ್ನದು ಹಳೇ ಅಲ್ಯುಮಿನಿಯಂ. ಬಗ್ಗಿದಾಗೆಲ್ಲ ಮೊಣಕಾಲಿಗೆ ಕೊಟ್ಟು ನೆಟ್ಟಗೆ ಮಾಡ್ಕೋತೀನಿ.'

'ಮೇಡಂಗೆ ಎಷ್ಟು ಸಲ ಹೇಳಿದ್ದೀನಿ, ಇದನ್ನೇ ತಗೊಳ್ಳಿ ಅಂತ' ಎಂದ ಅಂಗಡಿಯವನು, ಟೋಪಿ ಹೆಕ್ಕುತ್ತ.

'ನನಗ್ಯಾಕಪ್ಪ. ದಿನಾ ಹುಟ್ಟು ಹಾಕೋರಿಗೆ, ಭುಜ ನೋವಿರೋರಿಗೆ ಸರಿ. ಒಂದೊಂದು ಎಳೆತಕ್ಕೆ ಇಷ್ಟಿಷ್ಟು ಭಾರ ಕಡಿಮೆಯಾದ್ರೂ ಸಂಜೆಗೆ ಒಂದು ಮೂಟೆ ಉಳಿಯುತ್ತೆ. ನಮ್ಮಂಥ ಭಾನುವಾರದೋರಿಗೆ ಎಲ್ಲಾ ಒಂದೇ.' ಅವಳು ಇವನ ಕಡೆ ತಿರುಗಿದಳು. 'ನಿಮಗೆ ಭುಜ ನೋವಾ?'

'ಹೂಂ' ಎಂದುಬಿಟ್ಟ ಟೇಪು. ಅದು ಬಾಯಿಂದ ಬಿದ್ದದ್ದು ಅವನಿಗೇ ಆಮೇಲೆ ಗೊತ್ತಾಯಿತು. 'ತುಂಬಾ ದಿವಸದಿಂದ.'

'ಯಾವ ಕಡೆ?'

'ಬಲ... ಎರಡೂ ಕಡೆ.'

ನರ್ಸಮ್ಮ ಹಗ್ಗವನ್ನು ಗಲ್ಲಾದ ಮೇಲಿಟ್ಟು ಅವನ ತೋಳು ಹಿಡಿದುಕೊಂಡಳು. ಅಂಗಡಿಯ ನಡುವೆ, ಟೋಪಿಗಳ ಮಧ್ಯೆ, ಅವನ ಕೈಯನ್ನು ಮೇಲೆತ್ತಿ, ಹಿಂದಕ್ಕೆ ತಿರುಗಿಸಿ, 'ಇಲ್ಲಿ?' ಎಂದಳು. ನೋಯಲಿಲ್ಲ. 'ಹೂಂ' ಎಂದ. 'ಇಲ್ಲಿ?' ಮೊದಲಿನದಕ್ಕಿಂತ ಇದು ಹೆಚ್ಚು ನೋಯಬೇಕೋ ಕಡಿಮೆ ನೋಯಬೇಕೋ ಗೊತ್ತಾಗದೆ ಅವನು ಮುಖವನ್ನು ಅರ್ಧ ಕಿವುಚಿದ. ಅಂಗಡಿಯವನು ಟೋಪಿ ಹೆಕ್ಕುವುದನ್ನು ಬಿಟ್ಟು ನೋಡುತ್ತಿದ್ದ. ಒಳಬಂದ ಇಬ್ಬರು ಗಿರಾಕಿಗಳೂ ನಿಂತು ನೋಡಿದರು. ಇನ್ನೊಂದು ಕೈಯನ್ನೂ ಎತ್ತಿಸಿದಳು. ಎರಡೂ ಕೈ ಮೇಲೆತ್ತಿ ಶರಣಾದವನ ಹಾಗೆ ನಿಂತುಕೊಂಡಿದ್ದಾಗ ಅಂಗಿ ಮೇಲೆ ಸರಿದು, ಸೊಂಟದ ಟೇಪು, ಅದರ ಮೇಲಿನ ಬಿಳಿ ಹೊಟ್ಟೆ ಎಲ್ಲರಿಗೂ ಕಂಡಿತು. ನರ್ಸಮ್ಮನ ಬೆರಳು ಕೊನೆಗೆ ಒಂದು ಕಡೆ ಒತ್ತಿ ನಿಂತಿತು. ಅವಳು ಅವನ ಮುಖವನ್ನು ಹತ್ತಿರದಿಂದ ನೋಡಿದಳು. ಆ ನೋಟದಲ್ಲಿ ಬೈಗುಳ ಇರಲಿಲ್ಲ. ಹಗ್ಗ ಕಟ್ಟಿದ ದಿನವೂ ಹೀಗೆಯೇ ನೋಡಿದ್ದಳು. 'ಸರಿ ಬಿಡಿ' ಎಂದು ಕೈ ಇಳಿಸಿದಳು. 'ಹಾಗಾದ್ರೆ ನಿಮಗೆ ಇದೇ ಸರಿ. ಭುಜ ಉಳೀತು ಅಂದ್ಕೊಳ್ಳಿ, ದುಡ್ಡಿಗೆ ಮೋಸ ಇಲ್ಲ.' ಅಂಗಡಿಯವನು, 'ಏನ್ ಸಾರ್, ಬಂದ ವಿಷಯ?' ಎಂದ. ಟೇಪು ಸುತ್ತ ನೋಡಿ, ಕೈಗೆ ಸಿಕ್ಕಿದ ನೋವಿನ ಮುಲಾಮಿನ ಕೊಳವೆಯನ್ನು ಗಲ್ಲಾದ ಮೇಲಿಟ್ಟು, 'ಇದು' ಎಂದ.

ಹೆಂಡತಿ ಕೆಲಸ ಮಾಡುವುದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಮುಂಗಟ್ಟಿನಲ್ಲಿ. ಬಂದ ಬಟ್ಟೆಯನ್ನು ಬೆಳಕಿಗೆ ಹಿಡಿದು, ಕಲೆ ಎಲ್ಲಿದೆ, ಏತರದು ಎಂದು ನೋಡಿ, ಗಿರಾಕಿಯ ಹೆಸರಿನ ಬಟ್ಟೆಚೂರು ಪಿನ್ನು ಮಾಡಿ ಒಳಗೆ ಕಳಿಸುವುದು ಅವಳ ಕೆಲಸ. ಸಾಯಂಕಾಲ ಅವಳು ಮನೆಗೆ ಬಂದಾಗ ಟೇಪು ಹಜಾರದಲ್ಲಿ ಬರಿಗಾಲಲ್ಲಿ ನಿಂತಿದ್ದ. ಹುಟ್ಟಿನ ಪ್ಲಾಸ್ಟಿಕ್ಕು ಬಿಚ್ಚಿಯಾಗಿತ್ತು. ಕನ್ನಡಿಯ ಮುಂದೆ ತಾನೇ ಗುರುತು ಹಾಕಿಕೊಳ್ಳಲು ನೋಡಿದ್ದ. ಪ್ರತಿ ಸಲವೂ ಗುರುತು ಹಿಂದಿನದಕ್ಕಿಂತ ಮೇಲೆ ಹೋಗುತ್ತಿತ್ತು, ಹೀಗೆಯೇ ಬಿಟ್ಟರೆ ರಾತ್ರಿಯೊಳಗೆ ತಾನು ಸೂರು ಮುಟ್ಟುತ್ತೇನೆ ಅನ್ನಿಸಿ ನಿಲ್ಲಿಸಿದ್ದ.

'ಸ್ವಲ್ಪ ಬಾರೇ. ಇಲ್ಲೊಂದು ಗೀಟು ಹಾಕು' ಎಂದ.

'ಕೊಯ್ದೇ ಬಿಡ್ತೀರಾ ಹಾಗಾದ್ರೆ?'

'ಮತ್ತೆ ಇನ್ನೇನು.'

ಅವಳು ಕೈಚೀಲ ಇಟ್ಟು ಪೆನ್ಸಿಲ್ ತೆಗೆದುಕೊಂಡಳು. ಅವನು ಗೋಡೆಗೆ ಬೆನ್ನು ಕೊಟ್ಟು, ಬಲಗೈ ಮೇಲೆತ್ತಿದ. ಅವಳು ಹುಟ್ಟನ್ನು ಪಕ್ಕಕ್ಕೆ ನಿಲ್ಲಿಸಿಕೊಂಡಳು. ಅವಳ ಉಸಿರು ಅವನ ತೋಳಿಗೆ ತಗಲುತ್ತಿತ್ತು, ಸಾಬೂನು ಮತ್ತು ಇಸ್ತ್ರಿಯ ಹಬೆಯ ವಾಸನೆ. 'ನೆಟ್ಟಗೆ ನಿಂತ್ಕೊಳ್ಳಿ' ಎಂದಳು. ನೆಟ್ಟಗೇ ನಿಂತಿದ್ದೀನಿ ಎಂದ. ಅಷ್ಟರಲ್ಲಿ ಹಿಮ್ಮಡಿ ತನ್ನಷ್ಟಕ್ಕೆ ತಾನೇ ನೆಲ ಬಿಟ್ಟಿತ್ತು. ಇಳಿಸಬೇಕು ಅಂದುಕೊಂಡ, ಇಳಿಸಿದರೆ ಅವಳಿಗೆ ಗೊತ್ತಾಗುತ್ತದೆ. ಅವಳು ಪೆನ್ಸಿಲ್ಲನ್ನು ಕೋಲಿಗೆ ಒತ್ತಿದಳು. ಒಂದು ಕ್ಷಣ ತಡೆದಳು, ಮತ್ತೆ ಎಳೆದಳು. 'ಆಯ್ತು.' ಅವನು ಮೆಲ್ಲನೆ ಹಿಮ್ಮಡಿ ಇಳಿಸಿದ. ಬಾಗಿಲ ಆಚೆ ಯಾರದೋ ಮನೆಯ ಟಿವಿಯಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು.

ಹಿತ್ತಿಲ ಕಟ್ಟೆಯ ಮೇಲೆ ಎಲ್ಲ ಜೋಡಿಸಿದ. ಕೊಯ್ಯುವ ಕಡೆ ಕಾಗದದ ಅಂಟುಪಟ್ಟಿ ಸುತ್ತಿದ, ಇಲ್ಲದಿದ್ದರೆ ಎಳೆ ಬಿಡುತ್ತದೆ. ಸಣ್ಣ ಹಲ್ಲಿನ ಗರಗಸ, ಧೂಳು ಹಾರದಂತೆ ಒದ್ದೆ ಬಟ್ಟೆ, ಮೂಗಿಗೆ ಕರವಸ್ತ್ರ. ಹೆಂಡತಿಯ ಪೆನ್ಸಿಲ್ ಗೀಟು ಸಣ್ಣಗೆ ಮಿನುಗುತ್ತಿತ್ತು. ಗರಗಸ ಇಟ್ಟವನು ಹಾಗೆಯೇ ನಿಂತ. ಈ ಗೀಟು ಸುಳ್ಳು. ಇದು ತುದಿಗಾಲ ಮೇಲೆ ನಿಂತವನ ಗೀಟು. ಇಲ್ಲಿಗೆ ಕೊಯ್ದರೆ ನಾಳೆ ಕೈ ಎಟುಕದೆ ಆಕಾಶಕ್ಕೆ ತೋರಣ ಕಟ್ಟುವವನ ಹಾಗೆ ಹುಟ್ಟು ಹಾಕಬೇಕಾಗುತ್ತದೆ. ಹಿಮ್ಮಡಿ ಎಷ್ಟು ಎದ್ದಿತ್ತು? ನಾಲ್ಕು ಬೆರಳು. ನಾಲ್ಕು ಬೆರಳು ಕೆಳಗೆ ಇನ್ನೊಂದು ಗೀಟು ಹಾಕಿದ. ಅದನ್ನು ನೋಡಿದಾಗ ಕುತ್ತಿಗೆಯನ್ನೂ ಚಾಚಿದ್ದು ನೆನಪಾಯಿತು, ಭುಜವನ್ನೂ ಎತ್ತಿದ್ದು ನೆನಪಾಯಿತು. ಅಂಗಡಿಯಲ್ಲಿ ಇಲ್ಲದ ನೋವಿಗೆ ಎತ್ತಿದ ಅದೇ ಭುಜ. ಇನ್ನಷ್ಟು ಕೆಳಗೆ. ವಾರಗಟ್ಟಲೆ ಹೇಳಿದ ಬಾತುಕೋಳಿಗಳೂ ನೀರುಕಾಗೆಯೂ ಒಂದೊಂದಾಗಿ ಬಂದು ಕಟ್ಟೆಯ ಮೇಲೆ ಕೂತವು. ಅವಕ್ಕೂ ಇಷ್ಟು ಇರಲಿ ಎಂದು ಪೆನ್ಸಿಲ್ ಮತ್ತೂ ಕೆಳಗಿಳಿಯಿತು. ಅಳತೆಯ ಟೇಪು ಸೊಂಟದಲ್ಲೇ ಇತ್ತು. ಅದನ್ನು ಎಳೆಯಬೇಕು ಅನ್ನಿಸಲಿಲ್ಲ. ಬೇರೆಯವರ ಕಿಟಕಿಯಾಗಿದ್ದರೆ ಮೂರು ಸಲ ಅಳೆಯುತ್ತಿದ್ದ. ಗರಗಸ ಸಣ್ಣಗೆ ಕಿರುಗುಟ್ಟಿತು, ಒದ್ದೆ ಬಟ್ಟೆಯ ಮೇಲೆ ಕಪ್ಪು ಪುಡಿ ಬಿತ್ತು, ಕಾಡಿಗೆಯ ಹಾಗೆ. ತುಂಡು ಕೆಳಗೆ ಬಿದ್ದಾಗ ಸದ್ದೇ ಆಗಲಿಲ್ಲ, ಅಷ್ಟು ಹಗುರ. ಎದೆಯೊಳಗೂ ಒಂದು ಹಗುರ. ನಿಜವನ್ನೇ ಕೊಯ್ದೆ ಅನ್ನಿಸಿತು. ಅಂಟು ಬಿಸಿ ಮಾಡಿ ಹಿಡಿ ಕೂಡಿಸಿ, ಆರಿದ ಮೇಲೆ ಪಕ್ಕದಲ್ಲಿ ನಿಲ್ಲಿಸಿಕೊಂಡು ಕೈ ಎತ್ತಿದ. ಹಿಡಿ ಅವನ ಮೂಗಿನ ಮುಂದೆ ಇತ್ತು.

ಹೆಂಡತಿ ಕಾಫಿ ಹಿಡಿದುಕೊಂಡು ಬಂದವಳು ಬಾಗಿಲಲ್ಲೇ ನಿಂತಳು. 'ಯಾಕ್ರೀ ಇಷ್ಟು ಗಿಡ್ಡ?'

'ನೀನು ಹಾಕಿದ ಗೀಟು.'

'ನಾನು ಹಾಕಿದ್ದು ಅಲ್ಲಿಗಲ್ಲ.' ಅವಳು ಬಿದ್ದ ತುಂಡನ್ನು ಎತ್ತಿಕೊಂಡು ತನ್ನ ಗೀಟನ್ನು ಹುಡುಕಿದಳು. ಅದು ತುಂಡಿನ ನಡುವೆ ಸಿಕ್ಕಿತು. 'ಇಲ್ಲಿದೆ ನೋಡಿ ನನ್ನದು. ನೀವು ಅದಕ್ಕಿಂತ ಎರಡು ಗೇಣು ಕೆಳಗೆ ಕೊಯ್ದಿದ್ದೀರ.'

'ಅದು ಜಾಸ್ತಿ ಇತ್ತು. ನಾನು... ಸ್ವಲ್ಪ ಕಳೆದೆ.'

'ನಾನು ಕಳೆದೇ ಹಾಕಿದ್ದೆ.'

'ಏನು ಕಳೆದೆ?'

ಅವಳು ಕಾಫಿ ಲೋಟವನ್ನು ಕಟ್ಟೆಯ ಮೇಲಿಟ್ಟಳು. 'ನೀವು ತುದಿಗಾಲಲ್ಲಿ ನಿಂತಿದ್ರಲ್ಲ. ಅದನ್ನ.'

ಟೇಪು ಮೂಗಿನ ಕರವಸ್ತ್ರ ಬಿಚ್ಚಲಿಲ್ಲ. ಅದರ ಹಿಂದೆ ಬಾಯಿ ಇದ್ದದ್ದು ಒಳ್ಳೆಯದಾಯಿತು ಅನ್ನಿಸಿತು. 'ನೋಡಿದ್ಯಾ?'

'ನೋಡದೆ ಏನು? ಮದುವೆ ಫೋಟೋದಲ್ಲೂ ಹಾಗೇ ನಿಂತಿದ್ದೀರ. ನಮ್ಮಣ್ಣ ಆವತ್ತೇ ಹೇಳಿದ್ದ, ಹುಡುಗ ನೆಲಕ್ಕೆ ಕಾಲೂರಲ್ಲ ಅಂತ.' ನಗಲಿಲ್ಲ ಅವಳು. ಹೇಳಿದ್ದು ಅಷ್ಟೇ, ಕಲೆ ಇಲ್ಲಿದೆ ಎಂದು ತೋರಿಸುವ ಹಾಗೆ.

'ಹಾಗಾದ್ರೆ... ಕೆರೆ ವಿಷಯ? ಅದನ್ನೂ ಕಳೆದೇ ಕೇಳ್ತಿದ್ಯಾ?'

'ಮೊದಲನೇವನಾಗಿ ದಡ ಸೇರ್ದೆ ಅಂದ್ರಲ್ಲ, ಆವತ್ತು ನಿಮ್ಮ ಚಡ್ಡಿ ಹಿಂದೆಲ್ಲ ಪಾಚಿ. ನೀರಿನ ಮೇಲೆ ನಿಂತೋರಿಗೆ ಅಲ್ಲಿ ಪಾಚಿ ಹತ್ತಲ್ಲ.'

'ಮತ್ತೆ ಯಾಕೆ ಹೇಳ್ಲಿಲ್ಲ?'

'ಗಿರಾಕಿಗೆ ಹೇಳ್ತೀವಾ? ಬರೀ ನೀರು ಚೆಲ್ಲಿದ್ದು ಅಂತಾರೆ, ಹೌದಾ ಅಂತೀವಿ, ಒಗೆದು ಕೊಡ್ತೀವಿ.' ಅವಳು ಒದ್ದೆ ಬಟ್ಟೆಯನ್ನು ಕಪ್ಪು ಪುಡಿ ಉದುರದಂತೆ ನಾಲ್ಕು ಮೂಲೆ ಸೇರಿಸಿ ಮಡಿಸಿದಳು. 'ಕಾಫಿ ಆರುತ್ತೆ' ಎಂದು ಒಳಗೆ ಹೋದಳು.

ಅವನು ಕಟ್ಟೆಯ ಮೇಲೆ ಕೂತ. ಯಾವಾಗಿನಿಂದ ಕಳೆಯುತ್ತಿದ್ದಾಳೆ? ಹೋದ ವರ್ಷದಿಂದಲೋ, ಫೋಟೋದ ದಿನದಿಂದಲೋ? ನಿನ್ನನ್ನು ನೋಡಿದ ದಿನ ಮೂರು ಬಸ್ಸು ತಪ್ಪಿಸಿಕೊಂಡು ನಿಮ್ಮ ಬೀದಿಯಲ್ಲೇ ನಿಂತಿದ್ದೆ ಎಂದು ಹೇಳಿದ್ದನಲ್ಲ, ಆಗ ಅವಳು ಎಷ್ಟು ಕಳೆದಳು? ಒಂದು ಬಸ್ಸೋ, ಮೂರೂ ಬಸ್ಸೋ? ಅದು ನಿಜವಾಗಿತ್ತು. ಮೂರೂ ಬಸ್ಸು ನಿಜವಾಗಿದ್ದವು, ನಾಲ್ಕನೆಯದು ಬರಲೇ ಇಲ್ಲ, ನಡೆದೇ ಹೋಗಿದ್ದ. ಈಗ ಎದ್ದು ಒಳಗೆ ಹೋಗಿ ಅದು ನಿಜ ಕಣೇ ಅಂದರೆ ಅವಳು ಹೌದಾ ಎನ್ನುತ್ತಾಳೆ. ಆಮೇಲೆ ಎನ್ನುತ್ತಾಳೆ. ಎಲ್ಲ ಕಳೆದಾದ ಮೇಲೆ ಅವಳ ಕೈಯಲ್ಲಿ ಉಳಿದಿರುವ ಗಂಡ ಯಾವನು, ಎಷ್ಟುದ್ದದವನು, ಅವನನ್ನು ತಾನು ಒಂದು ಸಲವಾದರೂ ನೋಡಿದ್ದೇನೆಯೇ? ಆ ಗಂಡನ ಜೊತೆ ಅವಳು ಇಷ್ಟು ವರ್ಷ ಇದೇ ಮನೆಯಲ್ಲಿ ಸಂಸಾರ ಮಾಡಿದ್ದಾಳೆ, ತನಗೆ ಗೊತ್ತಾಗದ ಹಾಗೆ. ಕಾಫಿ ಆರಿತು. ಮೇಲೆ ಕೆನೆಯ ಒಂದು ಚರ್ಮ ಕಟ್ಟಿತು.

ಭಾನುವಾರ ಕೆರೆಯ ದಡದಲ್ಲಿ ಗಾಳಿ ಇತ್ತು. ನರ್ಸಮ್ಮನೂ ಉಳಿದವರೂ ಆಗಲೇ ನೀರಿಗಿಳಿದು ಕಾಯುತ್ತಿದ್ದರು, ನಿಂತವರ ನೆರಳು ನೀರಿನಲ್ಲಿ ಕಂಬಗಳ ಹಾಗೆ ಅಲುಗುತ್ತಿತ್ತು. ಭಾವ ಕಲ್ಲುಬೆಂಚಿನ ಮೇಲೆ ಕಾಲು ಅಗಲಿಸಿ ಕೂತು ಆಟ ನೋಡಲು ತಯಾರಾಗಿದ್ದ. ಹೆಂಡತಿ ಅಣ್ಣನ ಪಕ್ಕದಲ್ಲಿ ಕೂರದೆ ನೀರಿನ ಅಂಚಿಗೆ ಬಂದು ನಿಂತಿದ್ದಳು, ಬಿಸಿಲಿಗೆ ಕೈ ಅಡ್ಡ ಹಿಡಿದಿರಲಿಲ್ಲ, ಕಣ್ಣು ಕಿರಿದು ಮಾಡಿದ್ದಳು. ಟೇಪು ಹಲಗೆಯನ್ನು ನೀರಿಗೆ ತಳ್ಳಿ ಅದರ ಮೇಲೆ ಮೊಣಕಾಲೂರಿದ. ಎದ್ದು ನಿಲ್ಲಬೇಕಾದ ಹೊತ್ತು ಬಂತು. ಬೆನ್ನಿನ ಮೇಲೆ ನಾಲ್ಕು ಕಣ್ಣು. ಹಿಮ್ಮಡಿಯಲ್ಲಿ ಆ ಉಸಿರು ಶುರುವಾಯಿತು. ಅವನು ನಿಲ್ಲಲಿಲ್ಲ. ಮೊಣಕಾಲ ಮೇಲೆಯೇ ಕೂತು ಹುಟ್ಟನ್ನು ಒಮ್ಮೆ ನೀರಿಗಿಳಿಸಿ ಎಳೆದ. ಗಿಡ್ಡ ಹುಟ್ಟು ಮೊಣಕಾಲೂರಿದವನಿಗೆ ಇನ್ನೂ ಉದ್ದವೇ, ಆದರೂ ಹಲಗೆ ಸಾಗುತ್ತಿತ್ತು.

'ಏನ್ ಭಾವನೋರೇ' ಎಂದು ಬೆಂಚಿನಿಂದ ಕೂಗಿದ ಭಾವ, 'ನಿಂತ್ಕೊಂಡು ಹೋಗೋ ಆಟ ಅಂದ್ರಿ, ನೀವೇನು ನೆಲ ಒರೆಸೋ ಹಾಗೆ ಕೂತ್ಬಿಟ್ರಿ? ಅಷ್ಟು ದುಡ್ಡು ಕೊಟ್ರಲ್ಲ, ನಿಲ್ಲಿಸಲ್ವಾ ಅದು?'

ನೀರಿನ ಮೇಲಿದ್ದವರೂ ತಿರುಗಿದರು. ಟೇಪುವಿನ ಬಾಯಲ್ಲಿ ಉತ್ತರಗಳು ಸಾಲುಗಟ್ಟಿ ನಿಂತಿದ್ದವು. ಗಾಳಿಗೆ ಹೀಗೇ ಹೋಗಬೇಕು ಭಾವ, ಇದು ಹೊಸ ಪಟ್ಟು. ಭುಜ ನೋವು. ಇವೆಲ್ಲಕ್ಕಿಂತ ಮುಂದೆ, ಸುಳ್ಳೇ ಅಲ್ಲದ ಒಂದು ಉತ್ತರವೂ ಇತ್ತು: ಕೊಯ್ಯುವಾಗ ಹುಟ್ಟು ಗಿಡ್ಡ ಆಗಿಬಿಟ್ಟಿತು. ಹೆಂಡತಿ ಅದಕ್ಕೆ ಸಾಕ್ಷಿ ಹೇಳುತ್ತಾಳೆ, ಹುಟ್ಟು ತಾನೇ ತೋರಿಸುತ್ತದೆ, ಯಾರೂ ಒಂದು ಬೆರಳೂ ಕಳೆಯುವ ಹಾಗಿಲ್ಲ. ಅವನು ಅವಳನ್ನು ನೋಡಿದ. ಅವಳು ತಲೆಯನ್ನು ಸ್ವಲ್ಪ ವಾರೆ ಮಾಡಿಕೊಂಡು ಕಾಯುತ್ತಿದ್ದಳು. ಆ ವಾರೆ ಅವನಿಗೆ ಚೆನ್ನಾಗಿ ಗೊತ್ತಿದ್ದದ್ದೇ, ಬಟ್ಟೆ ಮಡಿಸುವಾಗ ಪ್ರತಿ ಭಾನುವಾರ ಕಂಡದ್ದೇ. ಇಷ್ಟು ದಿನ ಅದನ್ನು ಕಿವಿಗೊಡುವುದು ಎಂದು ತಿಳಿದಿದ್ದ.

'ಎದ್ದು ನಿಂತ್ರೆ ಬೀಳ್ತೀನಿ ಭಾವ' ಎಂದ. 'ಯಾವಾಗ್ಲೂ ಬಿದ್ದೇ ಬಿದ್ದಿದ್ದೀನಿ. ಹುಟ್ಟಿಂದು ತಪ್ಪಿಲ್ಲ. ನಂಗೆ ಹೆದರಿಕೆ.'

ಭಾವ ನಗಲು ಬಾಯಿ ತೆರೆದವನು ತಂಗಿಯ ಮುಖ ನೋಡಿ ಅಗಲಿಸಿದ್ದ ಕಾಲನ್ನು ಒಳಗೆಳೆದುಕೊಂಡ. ಅವಳ ತಲೆಯ ವಾರೆ ಮಾತ್ರ ಹಾಗೆಯೇ ಉಳಿದಿತ್ತು; ಕಳೆಯಲು ಏನೋ ಇದೆ ಎಂದು ಹುಡುಕುತ್ತ, ಸಿಗದೆ, ತಲೆಯನ್ನು ನೆಟ್ಟಗೆ ಮಾಡುವುದೋ ಬೇಡವೋ ಎಂದು ತೋಚದವಳ ಹಾಗೆ. ತುಸು ಗಾಬರಿಯೂ ಕಂಡಿತು. 'ಮಂಡಿ ನೋಯಲ್ವಾ?' ಎಂದಳು ಕೊನೆಗೆ.

'ನೋಯುತ್ತೆ.'

'ತುಂಬಾನಾ?'

'ಸುಮಾರಾಗಿ.'

ಅವಳು ಚಪ್ಪಲಿ ಬಿಡದೆಯೇ ನೀರಿಗೆ ಇಳಿದು, ಹೊದ್ದಿದ್ದ ಸ್ವೆಟರನ್ನು ತೆಗೆದು, ಒಗೆಯುವ ಅಂಗಡಿಯವಳ ಕೈಯಲ್ಲಿ ಆಗುವ ಹಾಗೆ ಎರಡೇ ಸಲಕ್ಕೆ ಚೌಕ ಮಡಿಸಿ ಅವನ ಮೊಣಕಾಲ ಕೆಳಗೆ ತುರುಕಿದಳು. ಹಲಗೆ ವಾಲಿತು, ಅವಳು ಅಂಚು ಹಿಡಿದು ನಿಲ್ಲಿಸಿದಳು. ಪಾಚಿ ಹತ್ತುತ್ತೆ ಕಣೇ, ಎಂದ. ಅವಳು ಹಲಗೆಯನ್ನು ಆಳದ ಕಡೆ ಒಂದಿಷ್ಟು ತಳ್ಳಿದಳು.

ಅವನು ಹುಟ್ಟು ಹಾಕಿದ. ಎಡಕ್ಕೆ, ಬಲಕ್ಕೆ. ನಿಂತವರೆಲ್ಲ ಬೇಗ ಬೇಗ ಸಣ್ಣವರಾಗುತ್ತ ಮುಂದೆ ಹೋದರು. ನರ್ಸಮ್ಮ ಒಮ್ಮೆ ಹಿಂದಿರುಗಿ ನೋಡಿ, ಹಗ್ಗಕ್ಕೆ ಕೈ ಹಾಕದೆ, ಅವಳೂ ಹೋದಳು. ಕೈಯಲ್ಲಿ ಭಾರ ಎನ್ನುವುದೇ ಇರಲಿಲ್ಲ, ಅಂಗಡಿಯವನು ಹೇಳಿದ್ದರಲ್ಲಿ ಅದೊಂದು ನಿಜ. ಆಚೆ ದಡ ಇದ್ದಲ್ಲೇ ಇತ್ತು. ಹಿಂದೆ ಈಚೆ ದಡದಲ್ಲಿ ಅವಳು ಇನ್ನೂ ನೀರಿನಲ್ಲೇ ನಿಂತಿದ್ದಾಳೋ, ಅಣ್ಣನ ಪಕ್ಕ ಹೋಗಿ ಕೂತಳೋ, ಮನೆಗೇ ಹೊರಟಳೋ ಎಂದು ನೋಡಬೇಕು ಅನ್ನಿಸಿತು. ಕುತ್ತಿಗೆ ತಿರುಗಿಸಿದರೆ ಹಲಗೆ ಅಲುಗುತ್ತದೆ. ಹುಟ್ಟನ್ನು ಮತ್ತೆ ನೀರಿಗಿಳಿಸಿದ.